ಕೆರೆ ಆಚೆ ಬಿದ್ದ ಹಾಗೆ ಕಂಡ ಬೆಂಕಿ ಉಂಡೆ: ಅದು ಏನು, ನಿಜಕ್ಕೂ ಎಲ್ಲಿತ್ತು?

ಮೊನ್ನೆ ರಾತ್ರಿ ಹನ್ನೊಂದು ಗಂಟೆ ದಾಟಿತ್ತು. ಮಂಡ್ಯ ಹತ್ತಿರದ ನಮ್ಮೂರಿನಲ್ಲಿ ಮಾವನ ಜೊತೆ ಕಬ್ಬಿನ ಗದ್ದೆಗೆ ನೀರು ತಿರುಗಿಸಲು ಹೋಗಿದ್ದೆ. ಆ ವಾರ ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬರುತ್ತಿತ್ತು. ಮೋಟರ್ ಆನ್ ಮಾಡಿ ಬದುವಿನ ಮೇಲೆ ನಿಂತಿದ್ದೆವು. ಅಮಾವಾಸ್ಯೆ ಹತ್ತಿರದ ಕತ್ತಲು. ಅಂಥ ಕತ್ತಲಲ್ಲಿ ಇದ್ದಕ್ಕಿದ್ದ ಹಾಗೆ ನಮ್ಮಿಬ್ಬರ ನೆರಳು ಮುಂದೆ ನೆಲದ ಮೇಲೆ ಬಿತ್ತು, ಬಿದ್ದದ್ದು ಸುಮ್ನೆ ನಿಲ್ಲದೆ ಉದ್ದವಾಗುತ್ತಾ ಪಕ್ಕಕ್ಕೆ ಜರುಗಿತು.

ತಿರುಗಿ ನೋಡಿದೆವು. ತೆಂಗಿನ ಮರಗಳ ತಲೆ ಮೇಲಿಂದ ಹಸಿರು ಬಿಳುಪಿನ ಒಂದು ಉಂಡೆ ಕೆರೆ ಏರಿ ಕಡೆಗೆ ಓರೆಯಾಗಿ ಇಳಿಯುತ್ತಿತ್ತು. ಹಿಂದೆ ಬೆಳಕಿನ ಬಾಲ. ಕೊನೆಯಲ್ಲಿ ಅದು ಎರಡು ಮೂರು ಚೂರಾಯಿತು, ಕೆಂಡದ ಬಣ್ಣಕ್ಕೆ ತಿರುಗಿತು, ಆರಿತು. ಎಲ್ಲಾ ಸೇರಿ ನಾಲ್ಕು ಸೆಕೆಂಡ್ ಇರಬಹುದು. ಮಾವ ಹೇಳಿದ ಮೊದಲ ಮಾತು, "ಕೆರೆ ಆಚೆ ತೋಟಕ್ಕೆ ಬಿತ್ತು ನೋಡು."

ಬೆಳಿಗ್ಗೆ ಫೋನು ಶುರುವಾಯಿತು. ಮೈಸೂರಿನ ಕುವೆಂಪುನಗರದಲ್ಲಿರುವ ಗೆಳೆಯ ಅದು ಚಾಮುಂಡಿ ಬೆಟ್ಟದ ಹಿಂದೆ ಬಿತ್ತು ಅಂದ. ಕೊಳ್ಳೇಗಾಲದ ನೆಂಟರು ಮಹದೇಶ್ವರ ಬೆಟ್ಟದ ಕಾಡಿಗೆ ಬಿತ್ತು ಅಂದರು. ಮೂವರೂ ಸುಳ್ಳು ಹೇಳುವವರಲ್ಲ. ಮೂವರೂ ತಮ್ಮ ಕಣ್ಣಿಂದಲೇ ನೋಡಿದ್ದಾರೆ. ಆದರೂ ಮೂರು ಮಾತೂ ಒಟ್ಟಿಗೆ ನಿಜವಾಗಿರಲು ಸಾಧ್ಯವಿಲ್ಲ, ಅಲ್ವಾ? ಇದರ ಉತ್ತರ ಹುಡುಕುತ್ತಾ ಹೋದರೆ ನಾವು ನೋಡಿದ್ದು ಏನು ಅನ್ನುವುದು ಪೂರ್ತಿ ಅರ್ಥವಾಗುತ್ತದೆ. ಅದಕ್ಕೆ ಈ ಲೇಖನ.

ಉಲ್ಕೆ ಅಂದರೆ ಪಂಜು

ಉಲ್ಕೆ ಅನ್ನುವ ಪದಕ್ಕೆ ಕೊಳ್ಳಿ, ಪಂಜು ಅಂತ ಅರ್ಥ. ದಸರಾ ಮುಗಿಯುವ ರಾತ್ರಿ ಬನ್ನಿಮಂಟಪದಲ್ಲಿ ಪಂಜಿನ ಕವಾಯತು ನೋಡಿದ್ದೀರಲ್ಲ, ಕತ್ತಲಲ್ಲಿ ಪಂಜು ಬೀಸಿದರೆ ಬೆಳಕಿನ ಗೆರೆ ಉಳಿದ ಹಾಗೆ ಕಾಣುತ್ತದೆ. ಹಳಬರು ಆಕಾಶದಲ್ಲಿ ಕಂಡಿದ್ದೂ ಅದನ್ನೇ. ನಮ್ಮ ಕಡೆ ಹಳ್ಳಿಗಳಲ್ಲಿ ಇದಕ್ಕೆ "ಚುಕ್ಕಿ ಬಿತ್ತು" ಅನ್ನುತ್ತಾರೆ. ನಿಜಕ್ಕೂ ಯಾವ ಚುಕ್ಕಿಯೂ ಬೀಳುವುದಿಲ್ಲ. ನಕ್ಷತ್ರಗಳು ಸೂರ್ಯನಂಥವು, ಭೂಮಿಗಿಂತ ಎಷ್ಟೋ ಪಟ್ಟು ದೊಡ್ಡವು, ಊಹಿಸಲಾಗದಷ್ಟು ದೂರದವು. ಮರುದಿನ ರಾತ್ರಿ ಎಣಿಸಿದರೆ ಎಲ್ಲವೂ ಇದ್ದ ಜಾಗದಲ್ಲೇ ಇರುತ್ತವೆ.

ಬೀಳುವುದು ಕಲ್ಲು. ಸೂರ್ಯನ ಸುತ್ತ ಭೂಮಿಯ ಹಾಗೆಯೇ ಲೆಕ್ಕವಿಲ್ಲದಷ್ಟು ಕಲ್ಲು ಮತ್ತು ಧೂಳು ಸುತ್ತುತ್ತಿರುತ್ತವೆ. ಕೆಲವು ಧೂಮಕೇತುಗಳು ಉದುರಿಸಿ ಹೋದ ಧೂಳು. ಕೆಲವು ಮಂಗಳ ಮತ್ತು ಗುರು ಗ್ರಹಗಳ ನಡುವೆ ಸುತ್ತುವ ಕ್ಷುದ್ರಗ್ರಹಗಳು ಒಂದಕ್ಕೊಂದು ಡಿಕ್ಕಿ ಹೊಡೆದಾಗ ಸಿಡಿದ ಚೂರು. ಇವು ಭೂಮಿಯ ದಾರಿಗೆ ಅಡ್ಡ ಬಂದಾಗ ನಮ್ಮ ಗಾಳಿಯೊಳಗೆ ನುಗ್ಗಿ ಬೆಳಗುತ್ತವೆ. ಆ ಬೆಳಕಿಗೆ ಉಲ್ಕೆ ಅನ್ನುತ್ತೇವೆ. ಪೂರ್ತಿ ಉರಿದು ಹೋಗದೆ ನೆಲ ಮುಟ್ಟಿದ ಕಲ್ಲಿಗೆ ಉಲ್ಕಾಶಿಲೆ ಅಂತ ಹೆಸರು. ಉಲ್ಕೆ ಬೆಳಕಿನ ಹೆಸರು, ಉಲ್ಕಾಶಿಲೆ ಕಲ್ಲಿನ ಹೆಸರು. ಎರಡನ್ನೂ ಕಲಸಿಕೊಳ್ಳದಿದ್ದರೆ ಮುಂದಿನದು ಸಲೀಸು.

ಹಾಗಾದರೆ ಬೆಂಕಿ ಉಂಡೆ, ಅಂದರೆ ಫೈರ್‌ಬಾಲ್? ಅದೂ ಉಲ್ಕೆಯೇ, ಆದರೆ ತುಂಬಾ ಪ್ರಕಾಶದ್ದು. ಬೆಳಗಿನ ಜಾವ ಮೂಡುವ ಬೆಳ್ಳಿಯನ್ನು, ಅಂದರೆ ಶುಕ್ರ ಗ್ರಹವನ್ನು, ನೆನಪಿಸಿಕೊಳ್ಳಿ. ಅದಕ್ಕಿಂತ ಜಾಸ್ತಿ ಬೆಳಗಿದ ಉಲ್ಕೆಯನ್ನು ಬೆಂಕಿ ಉಂಡೆ ಅಂತ ಕರೆಯುವುದು ರೂಢಿ. ಕೆಲವು ಹುಣ್ಣಿಮೆ ಚಂದ್ರನನ್ನೂ ಮೀರಿಸುತ್ತವೆ. ನಮ್ಮ ನೆರಳು ಬಿದ್ದದ್ದು ನೋಡಿದರೆ ಮೊನ್ನೆಯದು ಬೆಳ್ಳಿಯನ್ನು ತುಂಬಾ ಹಿಂದೆ ಹಾಕಿತ್ತು.

ಈಗ ಗಾತ್ರಕ್ಕೆ ಬರೋಣ. ನಾವು ಸಾಮಾನ್ಯವಾಗಿ ನೋಡುವ ಸಣ್ಣ ಉಲ್ಕೆ, ಸರಕ್ಕನೆ ಗೀಟು ಎಳೆದು ಮಾಯವಾಗುವಂಥದ್ದು, ರಾಗಿ ಕಾಳಿನಷ್ಟೋ ಕಡಲೆ ಕಾಳಿನಷ್ಟೋ ಇರುತ್ತದೆ. ಬೆಂಕಿ ಉಂಡೆಗೆ ನಿಂಬೆಹಣ್ಣಿನ ಗಾತ್ರದ ಕಲ್ಲು ಸಾಕು. ತೆಂಗಿನಕಾಯಿಯಷ್ಟು ದೊಡ್ಡದಿದ್ದರೆ ಊರಿಗೆ ಊರೇ ಹೊರಗೆ ಬಂದು ನೋಡುವಂಥ ಬೆಳಕು ಕೊಡುತ್ತದೆ.

ಇಷ್ಟು ಸಣ್ಣ ಕಲ್ಲಿಗೆ ಅಷ್ಟು ಬೆಳಕು ಎಲ್ಲಿಂದ?

ವೇಗದಿಂದ. ಉಲ್ಕೆಗಳು ಸೆಕೆಂಡಿಗೆ 11ರಿಂದ 72 ಕಿಲೋಮೀಟರ್ ವೇಗದಲ್ಲಿ ಗಾಳಿಗೆ ನುಗ್ಗುತ್ತವೆ. ಗಂಟೆಗಲ್ಲ, ಸೆಕೆಂಡಿಗೆ. ಮೈಸೂರಿಂದ ಮಂಡ್ಯಕ್ಕೆ ಸುಮಾರು 45 ಕಿಲೋಮೀಟರ್. ಸೆಕೆಂಡಿಗೆ 20 ಕಿಲೋಮೀಟರ್ ಓಡುವ ಕಲ್ಲಿಗೆ ಆ ದಾರಿ ಎರಡೇ ಸೆಕೆಂಡು ಚಿಲ್ಲರೆ. ಎಕ್ಸ್‌ಪ್ರೆಸ್‌ವೇಯಲ್ಲಿ ನಾವು ಒಂದೂವರೆ, ಎರಡು ಗಂಟೆ ಹಿಡಿಯುವ ಬೆಂಗಳೂರು ಅದಕ್ಕೆ ಏಳು ಸೆಕೆಂಡಿನ ದಾರಿ.

ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಹಾಗಾಗಿ ಇಂಥ ವೇಗದಲ್ಲಿ ಸಣ್ಣ ಕಲ್ಲೂ ಸಣ್ಣದಲ್ಲ. ನಾನೇ ಕೂತು ಲೆಕ್ಕ ಹಾಕಿದೆ. ಸೆಕೆಂಡಿಗೆ 20 ಕಿಲೋಮೀಟರ್ ವೇಗದ 3 ಕಿಲೋ ಕಲ್ಲಿನಲ್ಲಿ ಸುಮಾರು 60 ಕೋಟಿ ಜೌಲ್ ಶಕ್ತಿ ಇರುತ್ತದೆ. ನಮ್ಮ ಅಡುಗೆಮನೆಯ 14.2 ಕಿಲೋ ಗ್ಯಾಸ್ ಸಿಲಿಂಡರ್ ಪೂರ್ತಿ ಉರಿದರೆ ಬರುವ ಶಕ್ತಿಯೂ ಹೆಚ್ಚು ಕಡಿಮೆ ಅಷ್ಟೇ. ಮನೆಗೆ ಒಂದು ತಿಂಗಳು ಬರುವ ಸಿಲಿಂಡರು ಮೂರು ನಾಲ್ಕು ಸೆಕೆಂಡಲ್ಲಿ ಖಾಲಿಯಾಯಿತು ಅಂದುಕೊಳ್ಳಿ. ಅದರಲ್ಲಿ ಸ್ವಲ್ಪ ಭಾಗ ಮಾತ್ರ ಬೆಳಕಾಗಿ ಬಂದರೂ ರಾತ್ರಿ ಹಗಲಾಗುತ್ತದೆ.

ಗಾಳಿಗೆ ಉಜ್ಜಿಕೊಂಡು ಕಲ್ಲು ಬಿಸಿಯಾಗುತ್ತದೆ ಅಂತ ಶಾಲೆಯಲ್ಲಿ ಓದಿದ್ದೇವೆ. ಅದು ಪೂರ್ತಿ ಸರಿಯಲ್ಲ. ಮುಖ್ಯ ಕಾರಣ ಬೇರೆ. ಸೈಕಲ್ ಪಂಪಿನ ಬಾಯಿಯನ್ನು ಬೆರಳಿಂದ ಮುಚ್ಚಿ ನಾಲ್ಕು ಸಲ ಜೋರಾಗಿ ಒತ್ತಿ, ಆಮೇಲೆ ಪಂಪಿನ ತಳ ಮುಟ್ಟಿ ನೋಡಿ. ಬೆಚ್ಚಗಾಗಿರುತ್ತದೆ. ಗಾಳಿಯನ್ನು ಥಟ್ಟನೆ ಒತ್ತಿದರೆ ಗಾಳಿಯೇ ಕಾಯುತ್ತದೆ. ಉಲ್ಕೆ ಎಷ್ಟು ವೇಗವಾಗಿ ಬರುತ್ತದೆ ಅಂದರೆ ಅದರ ಮುಂದಿರುವ ಗಾಳಿಗೆ ಪಕ್ಕಕ್ಕೆ ಸರಿಯಲು ಸಮಯವೇ ಸಿಗುವುದಿಲ್ಲ. ಅಲ್ಲೇ ಒತ್ತಿಕೊಂಡು ಸಾವಿರಾರು ಡಿಗ್ರಿ ಕಾಯುತ್ತದೆ. ಆ ಕಾದ ಗಾಳಿ ಕಲ್ಲಿನ ಮೈಯನ್ನು ಕರಗಿಸುತ್ತದೆ, ಕರಗಿದ್ದು ಹಿಂದಕ್ಕೆ ಹಾರಿಹೋಗುತ್ತದೆ, ಅದರ ಕೆಳಗಿನ ಪದರ ಕರಗಲು ಶುರುವಾಗುತ್ತದೆ. ನಮಗೆ ಕಾಣುವ ಬೆಳಕು ಈ ಕಾದ ಗಾಳಿಯದು ಮತ್ತು ಕಲ್ಲಿನಿಂದ ಎದ್ದ ಆವಿಯದು. ನಿಂಬೆಹಣ್ಣಿನಷ್ಟು ಕಲ್ಲು ಅಷ್ಟು ದೊಡ್ಡ ಉಂಡೆಯಾಗಿ ಕಾಣುವುದು ಅದಕ್ಕೇ. ನಾವು ನೋಡುವುದು ಕಲ್ಲನ್ನಲ್ಲ, ಕಲ್ಲಿನ ಸುತ್ತ ಹೊತ್ತಿದ ಬೆಳಕನ್ನು.

ಗಾಳಿಯ ಒತ್ತಡ ಕಲ್ಲಿನ ಬಲವನ್ನು ಮೀರಿದಾಗ ಅದು ಒಡೆಯುತ್ತದೆ. ಒಡೆದ ಚೂರುಗಳಿಗೆಲ್ಲ ಒಟ್ಟಿಗೆ ಗಾಳಿ ತಗಲುತ್ತದೆ, ಬೆಳಕು ಒಂದು ಕ್ಷಣ ಭಗ್ಗನೆ ಏರುತ್ತದೆ. ಸೌದೆಯನ್ನು ಸೀಳಿ ಒಲೆಗೆ ಹಾಕಿದರೆ ಬೇಗ ಹತ್ತಿಕೊಳ್ಳುತ್ತದಲ್ಲ, ಅದೇ ಲೆಕ್ಕ. ಕೊನೆಯಲ್ಲಿ ಮಾವ ಕಂಡ "ಕೆಂಡ"ಗಳು ಈ ಚೂರುಗಳು.

ಎಲ್ಲರಿಗೂ ಪಕ್ಕದಲ್ಲೇ ಬಿದ್ದ ಹಾಗೆ ಯಾಕೆ ಕಂಡಿತು?

ಈ ಪ್ರಶ್ನೆಗೆ ಸ್ವಲ್ಪ ನಿಧಾನವಾಗಿ ಉತ್ತರ ಕೊಡಬೇಕು. ಯಾಕೆಂದರೆ ಇಲ್ಲಿ ನಮ್ಮ ಕಣ್ಣೇ ನಮಗೆ ದಾರಿ ತಪ್ಪಿಸುತ್ತದೆ.

ಉಲ್ಕೆ ಹೊತ್ತಿಕೊಳ್ಳುವುದು ನೆಲದಿಂದ ಸುಮಾರು 100 ಕಿಲೋಮೀಟರ್ ಎತ್ತರದಲ್ಲಿ. ದೊಡ್ಡ ಬೆಂಕಿ ಉಂಡೆಗಳು ಇನ್ನೂ ಕೆಳಗೆ ಬಂದು 20, 30, 40 ಕಿಲೋಮೀಟರ್ ಎತ್ತರದಲ್ಲಿ ಆರುತ್ತವೆ. ನಾವು ಕೂತು ಹೋಗುವ ವಿಮಾನ 10, 12 ಕಿಲೋಮೀಟರ್ ಎತ್ತರದಲ್ಲಿ ಹಾರುತ್ತದೆ. ಅಂದರೆ ಉಲ್ಕೆ ಆರುವುದೂ ವಿಮಾನಕ್ಕಿಂತ ಎಷ್ಟೋ ಮೇಲೆ.

ಕೈಯನ್ನು ಪೂರ್ತಿ ಮುಂದೆ ಚಾಚಿ ಮುಷ್ಟಿ ಹಿಡಿಯಿರಿ. ಆ ಮುಷ್ಟಿಯನ್ನು ದಿಗಂತದ ಮೇಲಿಟ್ಟರೆ ಅದರ ಎತ್ತರ ಸುಮಾರು 10 ಡಿಗ್ರಿ. ಮೈಸೂರಿನಲ್ಲಿ ನಿಂತು ಪೂರ್ವಕ್ಕೆ ನೋಡುತ್ತಿದ್ದೀರಿ, ಒಂದು ಉಲ್ಕೆ ದಿಗಂತದಿಂದ ಒಂದು ಮುಷ್ಟಿ ಮೇಲೆ ಕಂಡಿತು ಅಂದುಕೊಳ್ಳಿ. ಅದು 80 ಕಿಲೋಮೀಟರ್ ಎತ್ತರದಲ್ಲಿದ್ದರೆ ನಿಮ್ಮಿಂದ ಸುಮಾರು 400 ಕಿಲೋಮೀಟರ್ ದೂರದಲ್ಲಿರುತ್ತದೆ. ನೇರ ಗೆರೆ ಎಳೆದರೆ ಅದು ಚೆನ್ನೈ ಊರಿನ ಮೇಲಿನ ಆಕಾಶ! ಚಾಮುಂಡಿ ಬೆಟ್ಟದ ಹಿಂದೆ ಬಿದ್ದ ಹಾಗೆ ಕಂಡದ್ದು ನಿಜಕ್ಕೂ ತಮಿಳುನಾಡಿನ ಮೇಲೆ ಉರಿದಿರಬಹುದು.

ದೂರ ಅಳೆಯಲು ಕಣ್ಣಿಗೆ ಗೊತ್ತಿರುವ ಗಾತ್ರದ ವಸ್ತು ಬೇಕು. ದೂರದ ಬಸ್ಸು ಸಣ್ಣದಾಗಿ ಕಂಡಾಗ ಬಸ್ಸು ಇಷ್ಟು ದೊಡ್ಡದು ಅಂತ ಗೊತ್ತಿರುವುದರಿಂದ ದೂರ ತಿಳಿಯುತ್ತದೆ. ಕತ್ತಲ ಆಕಾಶದಲ್ಲಿ ಹೊತ್ತಿದ ಉಂಡೆಗೆ ಅಂಥ ಅಳತೆ ಏನೂ ಇಲ್ಲ. ಆಗ ಮನಸ್ಸು ತನಗೆ ಗೊತ್ತಿರುವ ಪಟಾಕಿಯನ್ನು, ರಾಕೆಟ್ಟನ್ನು ನೆನೆದುಕೊಂಡು ಹತ್ತಿರದ ಲೆಕ್ಕ ಹಾಕುತ್ತದೆ. ಅದರ ಜೊತೆ ಭೂಮಿ ಗುಂಡಗಿದೆ. ತುಂಬಾ ದೂರದಲ್ಲಿ ಹೋಗುವುದೆಲ್ಲ ದಿಗಂತಕ್ಕೆ ಇಳಿದ ಹಾಗೆ ಕಾಣುತ್ತದೆ, ಮರದ ಹಿಂದೆ ಮರೆಯಾದರೆ ಮರದ ಬುಡಕ್ಕೇ ಬಿತ್ತು ಅನಿಸುತ್ತದೆ.

ನಿಧಾನವಾಗಿ ಹೋಯಿತು ಅನಿಸಿದ್ದೂ ಇದೇ ಕಾರಣಕ್ಕೆ. ಲೆವೆಲ್ ಕ್ರಾಸಿಂಗ್ ಗೇಟಿನಲ್ಲಿ ನಿಂತರೆ ರೈಲು ಧಡಧಡ ಅಂತ ಮುಖದ ಮುಂದೆ ಹಾದುಹೋಗುತ್ತದೆ. ಅದೇ ರೈಲನ್ನು ಕರಿಘಟ್ಟದ ಮೇಲಿಂದ ನೋಡಿದರೆ ಹುಳ ಹರಿದ ಹಾಗೆ ಕಾಣುತ್ತದೆ.

ಹಾಗಂತ ಕಂಡವರ ಮಾತು ಉಪಯೋಗವಿಲ್ಲ ಅಂದುಕೊಳ್ಳಬೇಡಿ. ದೂರದ ಅಂದಾಜು ತಪ್ಪುತ್ತದೆ, ದಿಕ್ಕು ತಪ್ಪುವುದಿಲ್ಲ. ಹೆಬ್ಬೆರಳನ್ನು ಮುಖದ ಮುಂದೆ ಹಿಡಿದು ಒಂದು ಸಲ ಎಡಗಣ್ಣು, ಒಂದು ಸಲ ಬಲಗಣ್ಣು ಮುಚ್ಚಿ ನೋಡಿ. ಬೆರಳು ಹಿಂದಿನ ಗೋಡೆಯ ಮೇಲೆ ಅತ್ತಿತ್ತ ಜರುಗುತ್ತದೆ. ಎರಡು ಕಣ್ಣಿನ ನಡುವಿನ ಅಂತರ ಮತ್ತು ಬೆರಳು ಜರುಗಿದ ಕೋನ ಗೊತ್ತಿದ್ದರೆ ಬೆರಳು ಎಷ್ಟು ದೂರ ಅಂತ ಲೆಕ್ಕ ಹಾಕಬಹುದು. ಮಂಡ್ಯದ ಮಾವ ಒಂದು ಕಣ್ಣು, ಕೊಳ್ಳೇಗಾಲದ ನೆಂಟರು ಇನ್ನೊಂದು ಕಣ್ಣು. ಇಬ್ಬರೂ ನಿಂತ ಜಾಗ ಮತ್ತು ನೋಡಿದ ದಿಕ್ಕು ಸರಿಯಾಗಿ ಸಿಕ್ಕರೆ ಎರಡು ಗೆರೆ ಸೇರುವಲ್ಲಿ ಉಲ್ಕೆ ಇತ್ತು ಅಂತ ಗೊತ್ತಾಗುತ್ತದೆ. ವಿಜ್ಞಾನಿಗಳು ಮಾಡುವುದೂ ಇದನ್ನೇ, ಕಣ್ಣಿನ ಬದಲು ಕ್ಯಾಮೆರಾ ಇಟ್ಟು.

ಹಸಿರು ಬಣ್ಣ

ಹೂಕುಂಡ ಪಟಾಕಿಯಲ್ಲಿ ಬೇರೆ ಬೇರೆ ಲೋಹದ ಪುಡಿ ಬೇರೆ ಬೇರೆ ಬಣ್ಣ ಕೊಡುತ್ತದೆ. ಇಲ್ಲೂ ಹಾಗೆಯೇ. ಕಲ್ಲಿನಲ್ಲಿರುವ ಮೆಗ್ನೀಸಿಯಂ ಹಸಿರು ನೀಲಿ ಛಾಯೆ ಕೊಡುತ್ತದೆ, ಸೋಡಿಯಂ ಹಳೆಯ ಬೀದಿದೀಪದಂಥ ಹಳದಿ ಕೊಡುತ್ತದೆ, ಕ್ಯಾಲ್ಸಿಯಂ ನೇರಳೆ ಕೊಡುತ್ತದೆ. ಕಾದ ಗಾಳಿಯೂ ತನ್ನ ಬಣ್ಣ ಸೇರಿಸುತ್ತದೆ. ಎಲ್ಲವೂ ಬೆರೆತಿರುವುದರಿಂದ ಬರೀ ಬಣ್ಣ ನೋಡಿ ಇಂಥದ್ದೇ ಕಲ್ಲು ಅಂತ ಹೇಳಲು ಆಗುವುದಿಲ್ಲ.

ಸದ್ದು ಯಾಕೆ ಕೇಳಿಸಲಿಲ್ಲ?

ಮಾವ ಇದನ್ನು ಮತ್ತೆ ಮತ್ತೆ ಕೇಳಿದರು. ಅಷ್ಟು ದೊಡ್ಡದು ಒಡೆಯಿತು, ಒಂದು ಸದ್ದೂ ಇಲ್ಲವಲ್ಲ ಅಂತ.

ಜಂಬೂ ಸವಾರಿ ದಿನ ಅರಮನೆ ಹತ್ತಿರ ಕುಶಾಲತೋಪು ಹಾರಿಸುವಾಗ ದೂರ ನಿಂತವರಿಗೆ ಮೊದಲು ಹೊಗೆ ಕಾಣುತ್ತದೆ, ಆಮೇಲೆ ಢಂ ಅನ್ನುತ್ತದೆ. ಬೆಳಕು ಕಣ್ಣು ಮಿಟುಕಿಸುವಷ್ಟರಲ್ಲಿ ಬರುತ್ತದೆ. ಸದ್ದು ಮೂರು ಸೆಕೆಂಡಿಗೆ ಸುಮಾರು ಒಂದು ಕಿಲೋಮೀಟರ್ ನಡೆಯುತ್ತದೆ. ಉಲ್ಕೆ ನಮ್ಮ ತಲೆ ಮೇಲೆಯೇ 40 ಕಿಲೋಮೀಟರ್ ಎತ್ತರದಲ್ಲಿ ಒಡೆದರೂ ಸದ್ದು ಬರಲು ಎರಡು ನಿಮಿಷಕ್ಕಿಂತ ಜಾಸ್ತಿ ಬೇಕು. 100 ಕಿಲೋಮೀಟರ್ ದೂರದ್ದಾದರೆ ಐದು ನಿಮಿಷ. ಇನ್ನೂ ದೂರದ್ದಾದರೆ ಸದ್ದು ದಾರಿಯಲ್ಲೇ ಸತ್ತುಹೋಗುತ್ತದೆ.

ನಾವು ಅರ್ಧ ನಿಮಿಷವೂ ಸುಮ್ಮನಿರಲಿಲ್ಲ. ಆಗಲೇ ಜೋರಾಗಿ ಮಾತಾಡುತ್ತಿದ್ದೆವು, ಮೋಟರ್ ಬೇರೆ ಓಡುತ್ತಿತ್ತು. ಮೆಲ್ಲಗಿನ ಗುಡುಗು ಬಂದಿದ್ದರೂ ನಮಗೆ ಗೊತ್ತಾಗುತ್ತಿರಲಿಲ್ಲ. ಈ ಒಂದು ವಿಷಯಕ್ಕೆ ನನಗೆ ಇನ್ನೂ ಬೇಜಾರಿದೆ. ಸದ್ದು ಬಂದಿದ್ದರೆ ಅದು ದೊಡ್ಡ ಸುಳಿವು. ಗುಡುಗು ಕೇಳಿಸಿತು ಅಂದರೆ ಉಲ್ಕೆ ತುಂಬಾ ಕೆಳಗಿನವರೆಗೂ ಬಂದಿದೆ, ನೆಲಕ್ಕೆ ಕಲ್ಲು ಬಿದ್ದಿರುವ ಸಾಧ್ಯತೆ ಇದೆ ಅಂತ ಅರ್ಥ.

ಈ ಗುಡುಗು ಹುಟ್ಟುವುದು ಸದ್ದಿಗಿಂತ ವೇಗವಾಗಿ ಹೋಗುವ ವಸ್ತು ಗಾಳಿಯನ್ನು ತಳ್ಳಿದಾಗ. ಇದಕ್ಕೆ ಸೋನಿಕ್ ಬೂಮ್ ಅನ್ನುತ್ತಾರೆ. 2020ರ ಮೇ 20ರಂದು ಮಧ್ಯಾಹ್ನ ಬೆಂಗಳೂರಿನಲ್ಲಿ ಕಿಟಕಿ ಅದುರಿಸಿದ ಸದ್ದು ನೆನಪಿರಬಹುದು. ಅದು ವಾಯುಪಡೆಯ ವಿಮಾನದ ಪರೀಕ್ಷಾ ಹಾರಾಟದಿಂದ ಬಂದದ್ದು ಅಂತ ಆಮೇಲೆ ಗೊತ್ತಾಯಿತು. ವಿಮಾನ ಮಾಡುವುದನ್ನೇ ಉಲ್ಕೆ ಇನ್ನೂ ಎತ್ತರದಲ್ಲಿ, ಇನ್ನೂ ಎಷ್ಟೋ ಪಟ್ಟು ವೇಗದಲ್ಲಿ ಮಾಡುತ್ತದೆ.

ಕೆಲವರು ಉಲ್ಕೆ ಕಂಡ ಕ್ಷಣದಲ್ಲೇ "ಚರ್" ಅಂತ ಮೆಲ್ಲಗಿನ ಸದ್ದು ಕೇಳಿಸಿತು ಅನ್ನುತ್ತಾರೆ. ಇದನ್ನು ತುಂಬಾ ಕಾಲ ಭ್ರಮೆ ಅಂತಲೇ ತಳ್ಳಿಹಾಕುತ್ತಿದ್ದರು. ಜೋರಾಗಿ ಮಿನುಗುವ ಬೆಳಕು ಒಣ ಎಲೆ, ಕೂದಲು, ಬಟ್ಟೆಯಂಥವನ್ನು ಮಿನುಗಿದಷ್ಟು ಸಲ ಚೂರು ಚೂರೇ ಬೆಚ್ಚಗೆ ಮಾಡುವುದರಿಂದ ಪಕ್ಕದ ಗಾಳಿ ಅದುರಿ ಸದ್ದಾಗಬಹುದು ಅಂತ ಈಗ ಕೆಲವು ವಿಜ್ಞಾನಿಗಳು ಹೇಳುತ್ತಿದ್ದಾರೆ. ಹಾಗಾಗಿ ಯಾರಾದರೂ ಹಾಗೆ ಕೇಳಿಸಿತು ಅಂದರೆ ನಗಬೇಡಿ, ಬರೆದಿಟ್ಟುಕೊಳ್ಳಿ.

ಉಲ್ಕೆಯೋ, ರಾಕೆಟ್ ಚೂರೋ?

2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರ, ಮಧ್ಯಪ್ರದೇಶ, ಗುಜರಾತ್ ಕಡೆ ಆಕಾಶದಲ್ಲಿ ಬೆಂಕಿಯ ಮೆರವಣಿಗೆಯೇ ಕಂಡಿತು. ತುಂಬಾ ಜನ ಉಲ್ಕೆ ಅಂದುಕೊಂಡರು. ಅದು ಚೀನಾದ ಒಂದು ರಾಕೆಟ್ಟಿನ ಉಳಿದ ಭಾಗ. ಚಂದ್ರಪುರ ಜಿಲ್ಲೆಯ ಹಳ್ಳಿಯೊಂದರಲ್ಲಿ ದೊಡ್ಡ ಲೋಹದ ಬಳೆಯೂ ಸಿಕ್ಕಿತು.

ಗುರುತಿಸುವುದು ಕಷ್ಟವಲ್ಲ. ಭೂಮಿಯನ್ನು ಸುತ್ತುತ್ತಿದ್ದ ಚೂರು ಸೆಕೆಂಡಿಗೆ 8 ಕಿಲೋಮೀಟರಿಗಿಂತ ಕಡಿಮೆ ವೇಗದಲ್ಲಿ, ಹೆಚ್ಚು ಕಡಿಮೆ ಅಡ್ಡಡ್ಡವಾಗಿ ಬರುತ್ತದೆ. ಅರ್ಧ ನಿಮಿಷ, ಒಂದು ನಿಮಿಷ ಆಕಾಶದ ಈ ತುದಿಯಿಂದ ಆ ತುದಿಗೆ ಹೋಗುತ್ತಾ ಹತ್ತಾರು ಚೂರಾಗುತ್ತದೆ. ಫೋನ್ ತೆಗೆದು ವಿಡಿಯೋ ಮಾಡುವಷ್ಟು ಸಮಯ ಸಿಕ್ಕಿದರೆ ಅದು ಬಹುಶಃ ಉಲ್ಕೆ ಅಲ್ಲ. ಮಣಿಸರದ ಹಾಗೆ ಸಾಲಾಗಿ ಬೆಳಕು ಸದ್ದಿಲ್ಲದೆ ಹೋದರೆ ಅದು ಸ್ಟಾರ್‌ಲಿಂಕ್ ಉಪಗ್ರಹಗಳು. ಅವು ಉರಿಯುವುದಿಲ್ಲ, ಬಿಸಿಲು ಬಿದ್ದು ಹೊಳೆಯುತ್ತವೆ ಅಷ್ಟೇ.

ಕಲ್ಲು ನೆಲಕ್ಕೆ ಬಿದ್ದರೆ

ಬೆಳಕು ಆರಿದ ಮೇಲೆ ಉಳಿದ ಚೂರು ಮುಂದೆ ಏನಾಗುತ್ತದೆ? ಅಷ್ಟರಲ್ಲಿ ಗಾಳಿ ಅದರ ವೇಗವನ್ನೆಲ್ಲ ತಿಂದಿರುತ್ತದೆ. ಆಮೇಲೆ ಅದು ಮೇಲಿಂದ ಎಸೆದ ಕಲ್ಲಿನ ಹಾಗೆ, ಕತ್ತಲಲ್ಲಿ, ಬೆಳಕಿಲ್ಲದೆ, ಕೆಲವು ನಿಮಿಷ ಬೀಳುತ್ತದೆ. ಹಾಗಾಗಿ ನೆಲದವರೆಗೂ ಉರಿಯುತ್ತಾ ಬಂತು ಅಂತ ಕಂಡರೆ ಅದು ದೂರದ ಉಲ್ಕೆ ದಿಗಂತದಲ್ಲಿ ಮರೆಯಾದದ್ದು.

ಬಿದ್ದ ಕಲ್ಲು ಹುಲ್ಲಿಗೆ ಬೆಂಕಿ ಹಚ್ಚುವುದಿಲ್ಲ. ಉರಿದದ್ದು ಕೆಲವೇ ಸೆಕೆಂಡು, ಅದೂ ಹೊರ ಮೈ ಮಾತ್ರ. ಬದನೆಕಾಯಿಯನ್ನು ಬೆಂಕಿಗೆ ಹಿಡಿದು ತಕ್ಷಣ ತೆಗೆದರೆ ಸಿಪ್ಪೆ ಸೀದಿರುತ್ತದೆ, ಒಳಗೆ ಹಸಿಯಾಗಿಯೇ ಇರುತ್ತದೆ. ಕಲ್ಲಿನ ಒಳಗಂತೂ ಬಾಹ್ಯಾಕಾಶದ ಚಳಿ ಹಾಗೇ ಇರುತ್ತದೆ.

ನಮ್ಮ ಸುತ್ತಮುತ್ತಲೂ ಇಂಥವು ಬಿದ್ದಿವೆ. 1866ರಲ್ಲಿ ಉಡುಪಿ ಹತ್ತಿರ ಒಂದು ಬಿತ್ತು. ಹೊಸೂರು ದಾಟಿದರೆ ಸಿಗುವ ಶೂಲಗಿರಿಯಲ್ಲಿ 2008ರ ಸೆಪ್ಟೆಂಬರ್ 12ರಂದು ಸುಮಾರು 110 ಕಿಲೋ ತೂಕದ ಉಲ್ಕಾಶಿಲೆ ಬಿತ್ತು. ಬಿಹಾರದ ಶೆರ್ಗಾಟಿಯಲ್ಲಿ 1865ರಲ್ಲಿ ಬಿದ್ದ ಸುಮಾರು 5 ಕಿಲೋ ಕಲ್ಲಿನ ಕಥೆ ನನಗೆ ಎಲ್ಲಕ್ಕಿಂತ ಇಷ್ಟ. ಅದು ಮಂಗಳ ಗ್ರಹದ ಕಲ್ಲು ಅಂತ ನೂರು ವರ್ಷಕ್ಕೂ ಜಾಸ್ತಿ ಕಾಲ ಆದ ಮೇಲೆ ತಿಳಿಯಿತು. ಅಲ್ಲಿ ಯಾವುದೋ ದೊಡ್ಡ ಹೊಡೆತಕ್ಕೆ ಸಿಡಿದು, ಬಾಹ್ಯಾಕಾಶದಲ್ಲಿ ಅಲೆದು, ಕೊನೆಗೆ ಬಿಹಾರಕ್ಕೆ ಬಂದು ಬಿದ್ದಿದೆ. ಆ ಜಾತಿಯ ಮಂಗಳದ ಕಲ್ಲುಗಳಿಗೆಲ್ಲ ಇಡೀ ಲೋಕದಲ್ಲಿ ಆ ಊರಿನ ಹೆಸರಿನಿಂದಲೇ ಶೆರ್ಗಟೈಟ್ ಅನ್ನುತ್ತಾರೆ.

ಉಲ್ಕಾಶಿಲೆಯ ಗುರುತು ಹೀಗಿರುತ್ತದೆ. ಹೊಸದಾಗಿ ಬಿದ್ದದ್ದಕ್ಕೆ ತೆಳ್ಳಗಿನ ಕಪ್ಪು ಸಿಪ್ಪೆ ಇರುತ್ತದೆ, ಒಳಗೆ ಸಾಮಾನ್ಯವಾಗಿ ಬೂದು ಬಣ್ಣ. ಗಾತ್ರಕ್ಕೆ ಹೋಲಿಸಿದರೆ ತೂಕ ಜಾಸ್ತಿ. ಕೆಲವದರ ಮೈ ಮೇಲೆ ಬಿಸಿ ಮುದ್ದೆಗೆ ಹೆಬ್ಬೆರಳು ಒತ್ತಿದಂಥ ತಗ್ಗುಗಳಿರುತ್ತವೆ. ಕಲ್ಲಿನಲ್ಲಿ ಗುಳ್ಳೆ ಗುಳ್ಳೆ ತೂತುಗಳಿದ್ದರೆ ಅದು ಹಳೆಯ ಕುಲುಮೆಯ ಕಿಟ್ಟ ಇರಬೇಕು. ನಮ್ಮ ಕಡೆ ಹೊಲ ಉಳುವಾಗ ಅದು ಸಿಗುವುದುಂಟು.

ಸಿಕ್ಕರೆ ಬರಿಗೈಯಲ್ಲಿ ಉಜ್ಜಬೇಡಿ, ತೊಳೆಯಬೇಡಿ, ಅರಿಶಿನ ಕುಂಕುಮ ಹಚ್ಚಬೇಡಿ. ಶುಭ್ರ ಪ್ಲಾಸ್ಟಿಕ್ ಕವರಿನಲ್ಲಿಡಿ. ಆಯಸ್ಕಾಂತ ತಾಗಿಸಿ ನೋಡುವ ಆಸೆ ಬರುತ್ತದೆ, ಅದನ್ನೂ ಮಾಡಬೇಡಿ. ಕಲ್ಲಿನೊಳಗೆ ಹಳೆಯ ಕಾಲದ ಕಾಂತದ ಗುರುತು ಉಳಿದಿರುತ್ತದೆ, ಬಲವಾದ ಆಯಸ್ಕಾಂತ ಅದನ್ನು ಅಳಿಸಿಬಿಡುತ್ತದೆ. ಈ ಕಲ್ಲುಗಳಲ್ಲಿ ಹೆಚ್ಚಿನವು ಸುಮಾರು 456 ಕೋಟಿ ವರ್ಷ ಹಳೆಯವು. ಭೂಮಿ ಇನ್ನೂ ಸೇರಿಕೊಳ್ಳುತ್ತಿದ್ದ ಕಾಲದವು. ನಮ್ಮ ದೇಶದಲ್ಲಿ ಬಿದ್ದ ಉಲ್ಕಾಶಿಲೆಗಳನ್ನು ಕಾಪಾಡುವ ಹೊಣೆ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯದು, ಅಂದರೆ ಜಿಎಸ್‌ಐ. ತಹಶೀಲ್ದಾರ್ ಕಚೇರಿಗೋ ಪೊಲೀಸ್ ಠಾಣೆಗೋ ತಿಳಿಸಿದರೂ ಅವರ ತನಕ ಸುದ್ದಿ ಹೋಗುತ್ತದೆ.

ಹೆದರಬೇಕಾ?

ದಿನಕ್ಕೆ ಹತ್ತಾರು ಟನ್ ಬಾಹ್ಯಾಕಾಶದ ಧೂಳು ಮತ್ತು ಕಲ್ಲು ಭೂಮಿಗೆ ಬೀಳುತ್ತದೆ. ಎರಡು ಮೂರು ಲಾರಿ ಕಬ್ಬಿನ ತೂಕ ಅನ್ನಿ. ಅದು ಇಡೀ ಭೂಮಿಗೆ ಹಂಚಿಹೋಗುತ್ತದೆ, ಹೆಚ್ಚಿನದು ಪುಡಿ, ಮುಕ್ಕಾಲು ಪಾಲು ಸಮುದ್ರಕ್ಕೆ. ಮನುಷ್ಯರಿಗೆ ನೇರವಾಗಿ ತಾಗಿದ್ದು ತೀರಾ ಅಪರೂಪ. 1954ರಲ್ಲಿ ಅಮೆರಿಕದ ಅಲಬಾಮಾದಲ್ಲಿ ಸೋಫಾ ಮೇಲೆ ಮಲಗಿದ್ದ ಮಹಿಳೆಯೊಬ್ಬರಿಗೆ ಚಾವಣಿ ತೂತಾಗಿ ಬಂದ ಕಲ್ಲು ತಗಲಿತು. ದೊಡ್ಡ ಬಾವು ಬಂತು, ಜೀವಕ್ಕೆ ಏನೂ ಆಗಲಿಲ್ಲ.

ತಿಳಿದುಕೊಳ್ಳಬೇಕಾದ ಘಟನೆ 2013ರ ಫೆಬ್ರವರಿ 15ರದು. ರಷ್ಯಾದ ಚೆಲ್ಯಾಬಿನ್ಸ್ಕ್ ನಗರದ ಹತ್ತಿರ ಬೆಳಿಗ್ಗೆ ಸುಮಾರು 20 ಮೀಟರ್ ಅಗಲದ ಕಲ್ಲು 30 ಕಿಲೋಮೀಟರ್ ಎತ್ತರದಲ್ಲಿ ಒಡೆಯಿತು. ಬೆಳಕು ನೋಡಿದ ಜನ ಏನದು ಅಂತ ಕಿಟಕಿ ಹತ್ತಿರ ಓಡಿ ಬಂದು ನಿಂತರು. ಎರಡು ನಿಮಿಷ ದಾಟಿದ ಮೇಲೆ ಗಾಳಿಯ ಹೊಡೆತ ಬಂತು. ಕಿಟಕಿ ಗಾಜು ಸಿಡಿದವು. ಸುಮಾರು 1,500 ಜನರಿಗೆ ಗಾಯವಾಯಿತು, ಹೆಚ್ಚಿನವರಿಗೆ ಗಾಜಿನಿಂದ. ಇದು ಮರೆಯಬೇಡಿ: ಕಣ್ಣು ಕೋರೈಸುವ ಬೆಳಕು ಕಂಡರೆ ಕಿಟಕಿ ಹತ್ತಿರ ಹೋಗಬೇಡಿ, ಮಕ್ಕಳನ್ನೂ ಬಿಡಬೇಡಿ. ಮೊದಲೇ ಹೊರಗಿದ್ದರೆ ಗಾಜಿನಿಂದ ದೂರ ಸರಿಯಿರಿ.

ಮತ್ತೆ ಯಾವಾಗ ನೋಡಬಹುದು?

ಬೆಂಕಿ ಉಂಡೆ ಇಂಥ ದಿನವೇ ಬರುತ್ತದೆ ಅಂತ ಹೇಳಲು ಸಾಧ್ಯವಿಲ್ಲ. ಆದರೆ ಉಲ್ಕೆಗಳು ಜಾಸ್ತಿ ಕಾಣುವ ದಿನಗಳು ಗೊತ್ತಿವೆ. ಕಬ್ಬು ಹೇರಿದ ಟ್ರ್ಯಾಕ್ಟರ್ ಹೋದ ರಸ್ತೆಯಲ್ಲಿ ಉದ್ದಕ್ಕೂ ಸೋಗೆ ಉದುರಿರುತ್ತದಲ್ಲ, ಧೂಮಕೇತುವೂ ತನ್ನ ದಾರಿಯುದ್ದಕ್ಕೂ ಧೂಳು ಉದುರಿಸಿರುತ್ತದೆ. ಭೂಮಿ ಪ್ರತಿ ವರ್ಷ ಅದೇ ತಾರೀಕಿಗೆ ಆ ರಸ್ತೆಯನ್ನು ಅಡ್ಡ ದಾಟುತ್ತದೆ. ಆಗ ಉಲ್ಕೆಗಳ ಮಳೆ.

ಆಗಸ್ಟ್ 12, 13ರ ಪರ್ಸಿಯಿಡ್ಸ್ ಹೆಸರುವಾಸಿ, ಆದರೆ ಆಗ ನಮ್ಮಲ್ಲಿ ಮಳೆಗಾಲದ ಮೋಡ. ಅಕ್ಟೋಬರ್ ಕೊನೆಯಿಂದ ನವೆಂಬರ್ ಮಧ್ಯದವರೆಗೆ, ಅಂದರೆ ದೀಪಾವಳಿ ಆಸುಪಾಸಿನಲ್ಲಿ, ಟಾರಿಡ್ಸ್ ಬರುತ್ತವೆ. ಎಂಕೆ ಅನ್ನುವ ಧೂಮಕೇತುವಿನ ಧೂಳು ಅದು. ಸಂಖ್ಯೆ ಕಡಿಮೆ, ಆದರೆ ನಿಧಾನವಾದ ದೊಡ್ಡ ಬೆಂಕಿ ಉಂಡೆಗಳಿಗೆ ಅವೇ ಪ್ರಸಿದ್ಧ. ನಮಗೆ ಎಲ್ಲಕ್ಕಿಂತ ಒಳ್ಳೆಯದು ಡಿಸೆಂಬರ್ 13, 14ರ ಜೆಮಿನಿಡ್ಸ್. ಧನುರ್ಮಾಸಕ್ಕೆ ಎರಡು ಮೂರು ದಿನ ಮೊದಲು ಬರುತ್ತದೆ, ಆಕಾಶ ಸಾಮಾನ್ಯವಾಗಿ ತಿಳಿಯಾಗಿರುತ್ತದೆ, ಈ ಉಲ್ಕೆಗಳು ಹೊರಟು ಬಂದ ಹಾಗೆ ಕಾಣುವ ಮಿಥುನ ರಾಶಿ ನಡುರಾತ್ರಿ ದಾಟಿದ ಮೇಲೆ ಬಹುತೇಕ ನೆತ್ತಿಗೆ ಬರುತ್ತದೆ.

ಯಾವ ದಿನವಾದರೂ ನಡುರಾತ್ರಿ ಆದ ಮೇಲೆ, ಬೆಳಗಿನ ಜಾವದ ತನಕ ಉಲ್ಕೆಗಳು ಜಾಸ್ತಿ. ಮಳೆಯಲ್ಲಿ ಬಸ್ಸು ಓಡುವಾಗ ಹಿಂದಿನ ಗಾಜಿಗಿಂತ ಮುಂದಿನ ಗಾಜಿಗೆ ಹನಿ ಹೆಚ್ಚು ಬಡಿಯುತ್ತದೆ. ಭೂಮಿ ಸೂರ್ಯನ ಸುತ್ತ ಓಡುವಾಗ ಬೆಳಗಿನ ಜಾವದ ಕಡೆಯೇ ಅದರ ಮುಂದಿನ ಗಾಜು. ನಸುಕಿನಲ್ಲಿ ಎದ್ದು ದೇವಸ್ಥಾನಕ್ಕೆ ಹೋಗುತ್ತಿದ್ದ ಅಜ್ಜಿಯರು ನಮಗಿಂತ ಹೆಚ್ಚು ಚುಕ್ಕಿ ಬೀಳುವುದನ್ನು ನೋಡಿದ್ದಕ್ಕೆ ಇದೂ ಒಂದು ಕಾರಣ. ಮೈಸೂರಿನ ದೀಪಗಳಿಂದ ಹೊರಗೆ ಬನ್ನಿ, ಫೋನು ಒಳಗಿಡಿ. ಕಣ್ಣು ಕತ್ತಲಿಗೆ ಹೊಂದಿಕೊಳ್ಳಲು ಇಪ್ಪತ್ತು ನಿಮಿಷ ಬೇಕು.

ಕಂಡರೆ ಏನು ಮಾಡಬೇಕು

ಕಂಡ ತಕ್ಷಣ ಗಡಿಯಾರ ನೋಡಿ. ಆಮೇಲೆ ಐದಾರು ನಿಮಿಷ ಮಾತಾಡದೆ ಸದ್ದಿಗೆ ಕಾಯಿರಿ. ನಿಂತ ಜಾಗದಿಂದ ಕದಲುವ ಮೊದಲು ಬೆಳಕು ಎಲ್ಲಿ ಶುರುವಾಯಿತು, ಎಲ್ಲಿ ಆರಿತು ಅನ್ನುವುದನ್ನು ಮರ, ಕಂಬ, ನೀರಿನ ಟ್ಯಾಂಕ್ ಯಾವುದಕ್ಕಾದರೂ ಗುರುತು ಮಾಡಿಕೊಳ್ಳಿ. ಮನೆ ಅಥವಾ ಅಂಗಡಿಯ ಸಿಸಿಟಿವಿ ಇದ್ದರೆ ಅವತ್ತೇ ವಿಡಿಯೋ ತೆಗೆದಿಡಿ, ಕೆಲವು ದಿನದಲ್ಲಿ ಹಳೆಯದರ ಮೇಲೆ ಹೊಸದು ರೆಕಾರ್ಡ್ ಆಗಿಬಿಡುತ್ತದೆ. ಚೆಲ್ಯಾಬಿನ್ಸ್ಕ್ ಕಲ್ಲು ಸೂರ್ಯನ ಸುತ್ತ ಯಾವ ದಾರಿಯಲ್ಲಿ ಸುತ್ತುತ್ತಿತ್ತು ಅಂತ ಕಂಡುಹಿಡಿದದ್ದು ಜನರ ಕಾರುಗಳಲ್ಲಿದ್ದ ಮತ್ತು ಬೀದಿಯಲ್ಲಿದ್ದ ಕ್ಯಾಮೆರಾಗಳಿಂದ. ಅಂತರರಾಷ್ಟ್ರೀಯ ಉಲ್ಕಾ ಸಂಸ್ಥೆಯ ವೆಬ್‌ಸೈಟಿನಲ್ಲಿ ಬೆಂಕಿ ಉಂಡೆ ಕಂಡವರು ತುಂಬಲು ಒಂದು ಫಾರಂ ಇದೆ. ಎಲ್ಲಿ ನಿಂತಿದ್ದಿರಿ, ಯಾವ ದಿಕ್ಕು, ಎಷ್ಟು ಎತ್ತರ, ಎಷ್ಟು ಸೆಕೆಂಡು, ಇಂಥವನ್ನು ಕೇಳುತ್ತಾರೆ.

ಇದನ್ನೆಲ್ಲ ಮಾವನಿಗೆ ಹೇಳಿ ಮುಗಿಸಿದಾಗ ಅವರು ಏನೂ ಮಾತಾಡಲಿಲ್ಲ. ಮರುದಿನ ರಾತ್ರಿ ಮತ್ತೆ ನೀರು ಕಟ್ಟಲು ಹೋದಾಗ ನೋಡಿದೆ, ಮೋಟರ್ ಮನೆಯ ಸುಣ್ಣದ ಗೋಡೆ ಮೇಲೆ ಇದ್ದಿಲಿನಲ್ಲಿ ಚಿತ್ರ ಬರೆದಿದ್ದರು. ಕೆಳಗೆ ಕೆರೆ ಏರಿ, ಪಕ್ಕದಲ್ಲಿ ಮೂರು ತೆಂಗಿನ ಮರ, ಅದರಲ್ಲಿ ನಡುವಿನ ಮರದ ಸುಳಿಯಿಂದ ತೂಬಿನ ಕಲ್ಲಿನ ತನಕ ಓರೆಯಾಗಿ ಒಂದು ಗೀಟು. ತಾವು ನಿಂತಿದ್ದ ಬದುವಿನ ಜಾಗದಲ್ಲಿ ಒಂದು ಗೂಟ ಹೊಡೆದಿದ್ದರು.